ಹಸನು ಮಾಡುವ ಸುಖ

ಜಳಕೋಟ ಅಂದರೆ ನಳದುರ್ಗದ ಹತ್ತಿರದ್ದೇನು ಎಂದು ಕೇಳುತ್ತಾರೆ. ಅದು ಬೇರೆ; ನಮ್ಮದು ಉದಗೀರದ ಕಡೆಯದು, ಲಾತೂರು ಜಿಲ್ಲೆಯದು. ಇಷ್ಟು ಹೇಳುವುದಕ್ಕೆ ನನ್ನ ಮೊದಲ ಕಥೆಯಲ್ಲಿ ಒಂದೂವರೆ ಪುಟ ಬೇಕಾಗಿತ್ತು. ಆಮೇಲೆ ಸೂರ್ಯ ಹುಟ್ಟಿದ, ಹಕ್ಕಿಗಳು ಚಿಲಿಪಿಲಿಗುಟ್ಟಿದವು, ತಂಗಾಳಿ ಬೀಸಿತು. ನಾಯಕ ಹಾಸಿಗೆ ಬಿಟ್ಟು ಏಳುವಾಗ ನಾಲ್ಕನೇ ಪುಟ. ಐದನೆಯದರಲ್ಲಿ ಎಸ್.ಟಿ. ಬಸ್ಸಿಗೆ ಸಿಕ್ಕು ಸತ್ತ. ಪಾಪ, ಅವನಿಗೆ ಸಾಯುವಂಥದ್ದೇನೂ ಆಗಿರಲಿಲ್ಲ. ನನಗೆ ಕಥೆ ಮುಗಿಸಲು ಬರುತ್ತಿರಲಿಲ್ಲ, ಅಷ್ಟೇ.

ನಾನು ಶಾಲೆಯಲ್ಲಿ ಓದಿದ್ದು ಮರಾಠಿ, ಮನೆಯಲ್ಲಿ ಆಡಿದ್ದು ಕನ್ನಡ. ಕನ್ನಡದ ಅಕ್ಷರ ತಡವಾಗಿ ಕೈಗೆ ಹತ್ತಿತು. ಹೀಗಾಗಿ ಕಥೆಯ ಕನ್ನಡ ಎಂದರೆ ಮನೆಯದಲ್ಲ, ಪುಸ್ತಕದ್ದು ಎಂದು ನಂಬಿದ್ದೆ. ಆ ಕಥೆಯ ಅಜ್ಜಿ ಮೊಮ್ಮಗನಿಗೆ ಹೇಳುತ್ತಾಳೆ: "ಮಗುವೇ, ನಿನ್ನ ವದನವೇಕೆ ಬಾಡಿದೆ? ಭೋಜನ ಸ್ವೀಕರಿಸು." ಇದನ್ನು ನಮ್ಮ ಆಯಿಗೆ ಓದಿ ಹೇಳಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಲ್ಲು ಆರಿಸುವ ಕೈ ನಿಲ್ಲಿಸದೆ ಕೇಳಿದಳು: "ಈಕಿ ಯಾರ ಮನಿ ಮುದುಕಿನೋ ತಮ್ಮಾ? ಹಸಿದ ಹುಡುಗನ ಮುಂದ ಇಷ್ಟ್ ಮಾತಾಡ್ತಾಳೇನು?"

ಅವತ್ತು ರಾತ್ರಿ ಆ ಮಾತುಗಳನ್ನೆಲ್ಲ ಹೊಡೆದುಹಾಕಿ ಒಂದೇ ಸಾಲು ಬರೆದೆ: 'ಆಯಿ ರೊಟ್ಟಿ ಮುರಿದು ತಾಟಿಗೆ ಹಾಕಿ, ಪುಂಡಿಪಲ್ಯದ ಬೋಗುಣಿ ಅವನ ಕಡೆ ಸರಿಸಿದಳು.' ಹಸಿವೂ ಬಂತು, ಅಕ್ಕರೆಯೂ ಬಂತು. ಎರಡರ ಹೆಸರನ್ನೂ ಹೇಳಬೇಕಾಗಲಿಲ್ಲ. ಬರೆದದ್ದಕ್ಕಿಂತ ಹೊಡೆದುಹಾಕಿದ್ದರಲ್ಲಿ ಹೆಚ್ಚು ರುಚಿ ಸಿಕ್ಕಿದ್ದು ಅವತ್ತೇ.

ಪುಸ್ತಕದ ಮಾತು ತುರುಕುವ ಈ ತಪ್ಪು ಹೊಸದಲ್ಲ ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ', ಮೊದಲ ಪರಿಚ್ಛೇದದಲ್ಲೇ ಬರೆಯುವವರ ದೋಷಗಳನ್ನು ಹಿಡಿದು ಕೂರುತ್ತದೆ. ಸಲ್ಲದ ಕಡೆ ಕನ್ನಡಕ್ಕೆ ಸಂಸ್ಕೃತ ಬೆಸೆದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿಸಿದ ಹಾಗೆ ಎನ್ನುತ್ತಾನೆ ಅದನ್ನು ಬರೆದ ಶ್ರೀವಿಜಯ. ಅವನ ದೊರೆ, ರಾಷ್ಟ್ರಕೂಟರ ನೃಪತುಂಗ, ಆಳಿದ್ದು ಮಳಖೇಡದಿಂದ. ಆದರೆ ಆ ರಾಷ್ಟ್ರಕೂಟರು ಹೇಳಿಕೊಳ್ಳುತ್ತಿದ್ದ ಮೂಲದ ಊರು ಲಟ್ಟಲೂರು. ಅದೇ ಇಂದಿನ ಲಾತೂರು ಎನ್ನುತ್ತಾರೆ ವಿದ್ವಾಂಸರು. 'ವದನ', 'ಭೋಜನ' ಹನಿಸಿ ನಾನು ಹಾಲು ಒಡೆಸಿದ್ದು ಬೇರೆಲ್ಲೂ ಅಲ್ಲ, ಆ ದೊರೆಯ ತವರಿನಲ್ಲೇ.

ಹಾಗಾದರೆ ನಮ್ಮ ಮಾತಿನಲ್ಲಿ ಮರಾಠಿ ಬೆರೆತಿಲ್ಲವೇ? ಬೆರೆತಿದೆ. ಉದಗೀರದ ಅಡತಿ ಅಂಗಡಿಯಲ್ಲಿ ಬೆಲೆ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಬಾಯಲ್ಲಿ ಬೆರೆತದ್ದು ಒಡೆಯುವುದಿಲ್ಲ. ಬರೆಯುವವನು ಠೀವಿಗೆಂದು ಬೆರೆಸಿದ್ದು ಒಡೆಯುತ್ತದೆ.

ಅದೇ ಅಡತಿ ನನಗೆ ಇನ್ನೊಂದು ಪಾಠ ಕಲಿಸಿತು. ನನ್ನ ಕಥೆಗಳಲ್ಲಿ ಎಲ್ಲರೂ ನನ್ನ ಹಾಗೆಯೇ ಮಾತಾಡುತ್ತಿದ್ದರು. ಅಲ್ಲಿ ನೋಡಿದರೆ, ತೊಗರಿ ತಂದ ರೈತ ಮಳೆ, ಸಾಲ, ಮಗಳ ಮದುವೆ ಎಲ್ಲ ಹೇಳುತ್ತಾನೆ. ಸೇಠ್ ತಕ್ಕಡಿ ನೋಡುತ್ತ "ಹೂಂ" ಎನ್ನುತ್ತಾನೆ. ದುಡ್ಡು ಯಾರ ಕೈಯಲ್ಲಿದೆ ಎಂಬುದು ಮಾತಿನ ಉದ್ದದಲ್ಲೇ ಗೊತ್ತಾಗುತ್ತದೆ. ಅದರ ಕೆಳಗೆ 'ರೈತ ಅಸಹಾಯಕನಾಗಿದ್ದನು' ಎಂದು ಬರೆದರೆ ಓದುಗನನ್ನು ದಡ್ಡ ಎಂದಂತೆ. ಕೊನೆಗೊಂದು ನೀತಿ ಅಂಟಿಸುವುದೂ ಇದೇ ಜಾತಿಯ ತಪ್ಪು.

ಈಗಲೂ ಕಲ್ಲಿಲ್ಲದ ಜೋಳ ನನ್ನ ಕೈಯಿಂದ ಬರುವುದಿಲ್ಲ. ಬರೆದು ಎಂಟು ದಿನ ಇಟ್ಟು, ಮತ್ತೆ ಮೊರಕ್ಕೆ ಹಾಕಿ, ಬೆರಳಿಗೆ ಹತ್ತಿದ ಕಲ್ಲನ್ನು ಅಂಗಳಕ್ಕೆ ಎಸೆಯುವ ಸುಖವೇ ಬೇರೆ.

ತಿದ್ದಿದ ಕಥೆಯನ್ನು ಆಯಿಗೆ ಮತ್ತೆ ಓದಿದ್ದೆ. ಚೆಂದ ಅನ್ನಲಿಲ್ಲ, ಆದರೆ ರೊಟ್ಟಿ ಮುರಿಯುವ ಸಾಲು ಬಂದಾಗ ಅವಳ ಕೈ ಮೊರದಲ್ಲಿ ಒಂದು ಗಳಿಗೆ ನಿಂತಿತು. ಹೊಸದಾಗಿ ಬರೆಯುವವರು ಕೆಲಸದಲ್ಲಿರುವ ಯಾರ ಮುಂದಾದರೂ ಕೂತು ಓದಿ. ಹೇಗಿದೆ ಎಂದು ಕೇಳಬೇಡಿ. ಕೈ ಎಲ್ಲಿ ನಿಂತಿತು, ನೋಡಿ.