ಹೂಗ್ಲಿಯ ಗೋಡೆಯ ಮೇಲೊಂದು ದಾನಪತ್ರ

ನಿಮ್ಮ ಊರಿನ ಮಸೀದಿಗೆ ಸೇರಿದ ಆಸ್ತಿ ಎಷ್ಟಿದೆ? ಅದನ್ನು ಕೊಟ್ಟವರು ಯಾರು? ಯಾವ ಉದ್ದೇಶಕ್ಕೆ ಕೊಟ್ಟರು? ಅದರ ಆದಾಯ ಈಗ ಎಲ್ಲಿಗೆ ಹೋಗುತ್ತಿದೆ? ಈ ನಾಲ್ಕು ಪ್ರಶ್ನೆಗಳಿಗೂ ಉತ್ತರ ಗೊತ್ತಿದ್ದರೆ ನೀವು ಭಾಗ್ಯವಂತರು. ಇಪ್ಪತ್ತು ವರ್ಷಗಳಿಂದ ಮದ್ರಸದಲ್ಲಿ ಪಾಠ ಹೇಳುತ್ತಿರುವ ನನ್ನಲ್ಲೇ ಪೂರ್ತಿ ಉತ್ತರ ಇರಲಿಲ್ಲ.

ಅಕ್ಕನ ಮಗನನ್ನು ಕಾಲೇಜಿಗೆ ಸೇರಿಸಲು ಕೋಲ್ಕತಾಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿದು ಒಂದು ದಿನ ಉಳಿಯಿತು. ಬಿ.ಎ. ಓದುವಾಗ ಇತಿಹಾಸದ ಪುಸ್ತಕದಲ್ಲಿ ಕಂಡಿದ್ದ ಹಾಜಿ ಮುಹಮ್ಮದ್ ಮೊಹ್ಸಿನ್ ಎಂಬ ಹೆಸರು ನೆನಪಾಯಿತು. ಹೌರಾದಿಂದ ಬಂಡೇಲ್ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿದೆ. ಸುಮಾರು ಒಂದು ತಾಸಿನ ಪ್ರಯಾಣ. ಹೂಗ್ಲಿ ನಿಲ್ದಾಣದಲ್ಲಿ ಇಳಿದು, ಅಲ್ಲಿಯವರು ಟೋಟೋ ಎನ್ನುವ ಬ್ಯಾಟರಿ ರಿಕ್ಷಾದಲ್ಲಿ ಕೂತು "ಇಮಾಂಬಾರಾ" ಎಂದರೆ ಸಾಕು, ಬೇರೆ ವಿಳಾಸ ಬೇಡ.

ದೂರದಿಂದಲೇ ಎರಡು ಎತ್ತರದ ಗೋಪುರಗಳು ಕಾಣುತ್ತವೆ. ನಡುವೆ ದೊಡ್ಡ ಗಡಿಯಾರ. ಒಳಗೆ ಹೋದರೆ ವಿಶಾಲವಾದ ಅಂಗಳ, ನೀರಿನ ಕೊಳ, ಸುತ್ತಲೂ ಎರಡು ಅಂತಸ್ತಿನ ಕೋಣೆಗಳ ಸಾಲು. 1841ರಲ್ಲಿ ಆರಂಭವಾದ ಈ ಕಟ್ಟಡ 1861ರಲ್ಲಿ ಪೂರ್ತಿಯಾಯಿತು. ಒಂದೊಂದು ಗೋಪುರಕ್ಕೂ 152 ಮೆಟ್ಟಿಲು. ಒಂದು ಗಂಡಸರಿಗೆ, ಇನ್ನೊಂದು ಹೆಂಗಸರಿಗೆ. ಏದುಸಿರು ಬಿಡುತ್ತಾ ಮೇಲೆ ಹತ್ತಿದೆ. ಕೆಳಗೆ ಹೂಗ್ಲಿ ನದಿ ಶಾಂತವಾಗಿ ಹರಿಯುತ್ತಿತ್ತು.

ಆದರೆ ನಾನು ಹೇಳಬೇಕೆಂದಿರುವುದು ಗೋಪುರದ ವಿಷಯವಲ್ಲ. ಕಟ್ಟಡದ ಹಿಂಬದಿಗೆ, ನದಿಯ ಕಡೆಗೆ ಬನ್ನಿ. ಅಲ್ಲಿ ಗೋಡೆಯ ಮೇಲೆ ಮೊಹ್ಸಿನ್‌ರ ವಕ್ಫ್ ಪತ್ರದ ಬರಹವನ್ನು ಕೆತ್ತಿಸಿದ್ದಾರೆ. ದಾನ ಮಾಡಿದವನ ಮಾತು ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿಲ್ಲ. ಬಿಸಿಲು ಮಳೆಗೆ ಒಡ್ಡಿಕೊಂಡು ಎಲ್ಲರ ಕಣ್ಣಿಗೂ ಬೀಳುವಂತೆ ನಿಂತಿದೆ. ನಾನು ಅಲ್ಲೇ ಬಹಳ ಹೊತ್ತು ನಿಂತೆ.

ಯಾರು ಈ ಮೊಹ್ಸಿನ್?

1732ರಲ್ಲಿ ಇದೇ ಹೂಗ್ಲಿಯಲ್ಲಿ ಹುಟ್ಟಿದವರು. ಯೌವನದಲ್ಲಿ ಇರಾನ್, ಇರಾಕ್, ಅರೇಬಿಯಾಗಳನ್ನು ಸುತ್ತಿ, ಹಜ್ ನಿರ್ವಹಿಸಿ ಮರಳಿದವರು. ಮದುವೆಯಾಗಲಿಲ್ಲ. 1769-70ರಲ್ಲಿ ಬಂಗಾಳವನ್ನು ಘೋರ ಕ್ಷಾಮ ಕಾಡಿದಾಗ ಹಸಿದವರಿಗೆ ಅನ್ನ ಕೊಟ್ಟವರೆಂದು ಅಲ್ಲಿಯ ಜನ ಇಂದಿಗೂ ಅವರನ್ನು ಸ್ಮರಿಸುತ್ತಾರೆ. ಅವರ ಸಹೋದರಿ ಮನ್ನುಜಾನ್ ಖಾನಂ ದೊಡ್ಡ ಜಮೀನಿನ ಒಡತಿ. ಮಕ್ಕಳಿಲ್ಲದ ಆಕೆ 1803ರಲ್ಲಿ ತೀರಿಕೊಂಡಾಗ ಆಸ್ತಿಯೆಲ್ಲ ಮೊಹ್ಸಿನ್‌ರ ಪಾಲಿಗೆ ಬಂತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮೂರೇ ವರ್ಷದಲ್ಲಿ, 1806ರಲ್ಲಿ, ಅದನ್ನು ವಕ್ಫ್ ಮಾಡಿಬಿಟ್ಟರು. 1812ರಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು. ಇಮಾಂಬಾರಾದ ಹತ್ತಿರದಲ್ಲೇ ಅವರ ಕಬರ್ ಇದೆ.

ಆ ಪತ್ರದಲ್ಲಿ ಅವರು ಆದಾಯವನ್ನು ಒಂಬತ್ತು ಪಾಲು ಮಾಡಿದ್ದರು. ಮೂರು ಪಾಲು ಧಾರ್ಮಿಕ ಕಾರ್ಯಗಳಿಗೆ ಮತ್ತು ಇಮಾಂಬಾರಾದ ದುರಸ್ತಿಗೆ. ಎರಡು ಪಾಲು ಮೇಲ್ವಿಚಾರಣೆ ನೋಡುವ ಇಬ್ಬರು ಮುತವಲ್ಲಿಗಳಿಗೆ. ನಾಲ್ಕು ಪಾಲು ಸಿಬ್ಬಂದಿಯ ಸಂಬಳ ಮತ್ತು ಪಿಂಚಣಿಗಳಿಗೆ. ಲೆಕ್ಕ ಎಷ್ಟು ಸ್ಪಷ್ಟ ನೋಡಿ!

ವಕ್ಫ್‌ನ ಮೂಲವೇ ಇದು. ಖೈಬರ್‌ನಲ್ಲಿ ತಮಗೆ ಸಿಕ್ಕಿದ ಉತ್ತಮ ಭೂಮಿಯನ್ನು ಏನು ಮಾಡಲೆಂದು ಹಝ್ರತ್ ಉಮರ್(ರ) ಕೇಳಿದಾಗ, ಮೂಲವನ್ನು ಉಳಿಸಿ ಫಲವನ್ನು ದಾನ ಮಾಡುವಂತೆ ಪ್ರವಾದಿವರ್ಯರು(ಸ) ಸಲಹೆ ನೀಡಿದರು. ಅದರಂತೆ ಆ ಭೂಮಿಯನ್ನು ಮಾರಬಾರದು, ಉಡುಗೊರೆ ಕೊಡಬಾರದು, ವಾರಸುದಾರರು ಹಂಚಿಕೊಳ್ಳಬಾರದು ಎಂದಾಯಿತು. ಫಲ ಬಡವರಿಗೆ, ಬಂಧುಗಳಿಗೆ, ಗುಲಾಮರ ವಿಮೋಚನೆಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ ಸಲ್ಲಬೇಕಿತ್ತು. ನೋಡಿಕೊಳ್ಳುವವನು ಮಿತವಾಗಿ ಉಣ್ಣಬಹುದು, ಆದರೆ ಕೂಡಿಡುವಂತಿಲ್ಲ. ಝಕಾತ್‌ಗೂ ವಕ್ಫ್‌ಗೂ ಇರುವ ವ್ಯತ್ಯಾಸ ಇಲ್ಲಿದೆ. ಝಕಾತ್ ಕಡ್ಡಾಯ. ಕುರ್‌ಆನ್ ಹೇಳಿದ ಎಂಟು ವಿಭಾಗದವರಿಗೆ ಅದನ್ನು ತಲುಪಿಸಿಬಿಡಬೇಕು. ಅದು ಇಂದಿನ ಹಸಿವಿಗೆ ಅನ್ನ. ವಕ್ಫ್ ನಾಳಿನ ಹಸಿವಿಗೆ ನೆಟ್ಟ ತೆಂಗಿನ ಸಸಿ.

ಸಸಿ ನೆಟ್ಟ ಮೇಲೆ

ಸಸಿ ನೆಟ್ಟರೆ ಸಾಕೇ? ಕಾಯುವವರೂ ಬೇಕಲ್ಲ! ಮೊಹ್ಸಿನ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಮುತವಲ್ಲಿಗಳ ಮೇಲೆ ದುರುಪಯೋಗದ ಆರೋಪ ಬಂತು. ಬ್ರಿಟಿಷ್ ಸರಕಾರ ಆಸ್ತಿಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ, 1835ರವರೆಗೂ ಎಳೆಯಿತು. ಅಷ್ಟರಲ್ಲಿ ದೊಡ್ಡ ಮೊತ್ತ ಕೂಡಿಬಿದ್ದಿತ್ತು. ಆ ಹಣದಿಂದಲೇ 1836ರಲ್ಲಿ ಪಕ್ಕದ ಚಿನ್ಸುರಾದಲ್ಲಿ ಹೂಗ್ಲಿ ಕಾಲೇಜು ಆರಂಭವಾಯಿತು. ಇಂದು ಅದರ ಹೆಸರು ಹೂಗ್ಲಿ ಮೊಹ್ಸಿನ್ ಕಾಲೇಜು. ಬಂಕಿಮ್‌ಚಂದ್ರ ಚಟ್ಟೋಪಾಧ್ಯಾಯರು ಓದಿದ್ದು ಇಲ್ಲೇ. ಮುಂದೆ ನ್ಯಾಯಾಧೀಶರಾದ ಸೈಯದ್ ಅಮೀರ್ ಅಲಿ ಓದಿದ್ದೂ ಇಲ್ಲೇ. ಅವರು 1876ರಿಂದ 1904ರ ತನಕ ಇದೇ ಇಮಾಂಬಾರಾ ಸಮಿತಿಯ ಅಧ್ಯಕ್ಷರಾಗಿದ್ದರು. ಉಂಡ ಮನೆಯ ಋಣ ತೀರಿಸುವುದೆಂದರೆ ಹೀಗೆ.

ಆದರೆ ಕಾಲೇಜಿನಲ್ಲಿ ಮುಸ್ಲಿಮ್ ಮಕ್ಕಳು ಬೆರಳೆಣಿಕೆಯಷ್ಟೇ ಇದ್ದರು. ಒಬ್ಬ ಮುಸ್ಲಿಮನ ದಾನ ಅವನ ಸಮುದಾಯದ ಬಡವರಿಗೇ ಮುಟ್ಟುತ್ತಿಲ್ಲವೆಂಬ ದೂರು ಬೆಳೆಯಿತು. ಡಬ್ಲ್ಯು.ಡಬ್ಲ್ಯು. ಹಂಟರ್ ಎಂಬ ಬ್ರಿಟಿಷ್ ಅಧಿಕಾರಿ 1871ರ ತನ್ನ ಪುಸ್ತಕದಲ್ಲಿ ಇದನ್ನು ಅನ್ಯಾಯವೆಂದೇ ಬರೆದನು. ಕೊನೆಗೆ 1873ರಲ್ಲಿ ಸರಕಾರ ಕಾಲೇಜಿನ ಖರ್ಚನ್ನು ತಾನೇ ವಹಿಸಿಕೊಂಡು ಮೊಹ್ಸಿನ್ ನಿಧಿಯನ್ನು ಮುಸ್ಲಿಮರ ಶಿಕ್ಷಣಕ್ಕೆ ಬಿಟ್ಟುಕೊಟ್ಟಿತು. ಮರುವರ್ಷವೇ ಢಾಕಾ, ಚಿತ್ತಗಾಂಗ್, ರಾಜಶಾಹಿಗಳಲ್ಲಿ ಮದ್ರಸಗಳು ತೆರೆದವು. ಶಾಲೆಗೆ ಹೋಗುವ ಮುಸ್ಲಿಮ್ ಮಕ್ಕಳ ಶುಲ್ಕದ ಮೂರರಲ್ಲಿ ಎರಡು ಭಾಗವನ್ನು ಈ ನಿಧಿ ಭರಿಸತೊಡಗಿತು. ಚಿತ್ತಗಾಂಗಿನ ಆ ಮದ್ರಸ ಬೆಳೆದು ಈಗ ಮೊಹ್ಸಿನ್‌ರ ಹೆಸರಿನ ಸರಕಾರಿ ಕಾಲೇಜಾಗಿದೆ. ಹೂಗ್ಲಿ ಜಿಲ್ಲೆಯ ಸರಕಾರಿ ಆಸ್ಪತ್ರೆಯ ಹೆಸರು ಇಂದಿಗೂ ಇಮಾಂಬಾರಾ ಆಸ್ಪತ್ರೆ.

ಕಾಲೇಜಿನಲ್ಲಿ ಹಿಂದೂ ಮಕ್ಕಳು ಕಲಿತದ್ದು ನಷ್ಟವೇ? ಖಂಡಿತ ಅಲ್ಲ. ಕ್ಷಾಮದಲ್ಲಿ ಅನ್ನ ಬಡಿಸಿದ ಕೈ ಯಾರ ಜಾತಿಯನ್ನೂ ಕೇಳಿರಲಾರದು. ನಷ್ಟವಾದದ್ದು ಬೇರೆಯದು. ಮುತವಲ್ಲಿಗಳು ಅಮಾನತ್ತನ್ನು ಕಾಯಲಿಲ್ಲ. ಹಾಗಾಗಿ ಅದರ ಹಣ ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಅರವತ್ತು ವರ್ಷ ಬೇರೆಯವರ ಕೈಯಲ್ಲಿತ್ತು. ಆ ಅರವತ್ತು ವರ್ಷಗಳಲ್ಲಿ ಎಷ್ಟು ಮಕ್ಕಳ ಬಾಲ್ಯ ಕಳೆದುಹೋಗಿರಬಹುದು?

ನಮ್ಮ ಊರಿನ ಎರಡು ಕೋಣೆ

ಇದನ್ನೆಲ್ಲ ಯೋಚಿಸುತ್ತಾ ನದಿಯ ದಂಡೆಯಲ್ಲಿ ಕೂತಾಗ ನನ್ನ ಊರು ನೆನಪಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮಲ್ಲಿ ಹಿರಿಯರೊಬ್ಬರು ಎರಡು ಅಂಗಡಿ ಕೋಣೆಗಳನ್ನು ಬಡ ಮಕ್ಕಳ ಓದಿಗೆಂದು ವಕ್ಫ್ ಮಾಡಿದ್ದರು. ಮದ್ರಸದ ಓದು ಮುಗಿಸಿ ನಾನು ಬಿ.ಎ.ಗೆ ಕಟ್ಟಿದಾಗ ನನ್ನ ಶುಲ್ಕ ಬಂದದ್ದು ಆ ಬಾಡಿಗೆಯಿಂದಲೇ. ಈಗ ಅದೇ ಬೀದಿಯಲ್ಲಿ ಒಂದು ಕೋಣೆಗೆ ತಿಂಗಳಿಗೆ ಏಳೆಂಟು ಸಾವಿರ ರೂಪಾಯಿ ಬಾಡಿಗೆಯಿದೆ. ವಕ್ಫ್‌ನ ಕೋಣೆಗೆ ಬರುತ್ತಿದ್ದುದು ಮುನ್ನೂರು. ಬಂದ ಹಣವೂ ಮಸೀದಿಯ ಬಣ್ಣಕ್ಕೆ, ದೀಪಾಲಂಕಾರಕ್ಕೆ ಖರ್ಚಾಗುತ್ತಿತ್ತು. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿಯುಸಿ ಚೆನ್ನಾಗಿ ಪಾಸಾಗಿ, ನರ್ಸಿಂಗ್ ಸೇರಲು ಸಹಾಯ ಕೇಳಿ ತಾಯಿಯೊಂದಿಗೆ ಬಂದಿದ್ದಳು. ನಾನು ಕಮಿಟಿಯವರಲ್ಲಿ ಪ್ರಸ್ತಾಪಿಸಿದೆ. "ಉಸ್ತಾದರೇ, ರಮಝಾನ್ ಬರಲಿ, ಝಕಾತ್‌ನಲ್ಲಿ ನೋಡೋಣ" ಎಂದರು. ರಮಝಾನ್ ಬರುವಾಗ ಪ್ರವೇಶದ ದಿನ ಮುಗಿದಿತ್ತು. ಹುಡುಗಿ ತಾಯಿಯ ಜೊತೆ ಬೀಡಿ ಕಟ್ಟಲು ಕೂತಳು.

ತಪ್ಪು ಕಮಿಟಿಯದ್ದು ಮಾತ್ರವೇ? ಆ ಎರಡು ಕೋಣೆಗಳ ವಿಷಯ ಗೊತ್ತಿದ್ದೂ ನಾನು ಬಾಯಿ ತೆರೆಯಲಿಲ್ಲ. ನನ್ನ ಸಂಬಳ ಕೊಡುವವರೂ ಅವರೇ ತಾನೇ? ಆ ಬಾಡಿಗೆಯ ಅನ್ನ ಉಂಡು ಪದವಿ ಪಡೆದವನು ನಾನೇ ಮೌನವಾದರೆ ಇನ್ನು ಯಾರು ಮಾತಾಡಬೇಕು?

ಊರಿಗೆ ಮರಳಿದ ಮೇಲೆ, ಮೊದಲ ಶುಕ್ರವಾರ ನಮಾಝಿನ ಬಳಿಕ ಅಧ್ಯಕ್ಷರ ಬಳಿ ಕೂತು ಹೂಗ್ಲಿಯ ಕತೆ ಹೇಳಿದೆ. ಜಗಳವಾಡಲಿಲ್ಲ. "ಆ ವಕ್ಫ್ ಪತ್ರವನ್ನು ಒಮ್ಮೆ ಓದೋಣವೇ?" ಎಂದು ಮಾತ್ರ ಕೇಳಿದೆ. ಹುಡುಕಿದಾಗ ಹಳೆಯ ಟ್ರಂಕಿನಲ್ಲಿ ಸಿಕ್ಕಿತು. 'ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ' ಎಂದು ಸ್ಪಷ್ಟವಾಗಿ ಬರೆದಿತ್ತು. ಅಧ್ಯಕ್ಷರು ಅದನ್ನು ಎರಡು ಸಲ ಓದಿದರು. ಒಬ್ಬ ಬಾಡಿಗೆದಾರರು ಬಾಡಿಗೆ ಏರಿಸಲು ಒಪ್ಪಿದ್ದಾರೆ. ಇನ್ನೊಬ್ಬರು ಇನ್ನೂ ಒಪ್ಪಿಲ್ಲ. ಮುಂದಿನ ವರ್ಷದ ಪ್ರವೇಶಕ್ಕೆ ಆ ಹುಡುಗಿಯ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆದಿದ್ದೇವೆ.

ನಮ್ಮದು ಎರಡು ಕೋಣೆಯ ಕತೆ. ದೇಶದ ಕತೆಯೂ ಬೇರೆಯಲ್ಲ. 2006ರ ಸಾಚಾರ್ ಸಮಿತಿಯ ವರದಿ ನೋಂದಾಯಿತ ವಕ್ಫ್ ಆಸ್ತಿಗಳನ್ನು ಸುಮಾರು 4.9 ಲಕ್ಷ ಎಂದು ಲೆಕ್ಕ ಹಾಕಿತ್ತು. ಅವುಗಳಿಂದ ಬರುತ್ತಿದ್ದ ವಾರ್ಷಿಕ ಆದಾಯ ಸುಮಾರು 163 ಕೋಟಿ ರೂಪಾಯಿ. ಸರಿಯಾಗಿ ಬಳಸಿದರೆ 12,000 ಕೋಟಿ ಬರಬಹುದೆಂದು ಅದೇ ವರದಿ ಅಂದಾಜಿಸಿತ್ತು. 1995ರ ವಕ್ಫ್ ಕಾಯ್ದೆಗೆ 2025ರಲ್ಲಿ ದೊಡ್ಡ ತಿದ್ದುಪಡಿಯಾಗಿದೆ. ಅದರ ಬಗ್ಗೆ ಚರ್ಚೆ, ವ್ಯಾಜ್ಯ ಏನೇ ಇರಲಿ, ಕಾಗದ ಪತ್ರಗಳನ್ನು ಸರಿಯಾಗಿಟ್ಟುಕೊಳ್ಳುವುದು ನಮ್ಮದೇ ಕೆಲಸ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಸಹೋದರ ಸಹೋದರಿಯರೇ, ಮನುಷ್ಯ ಸತ್ತ ಮೇಲೂ ಮೂರು ವಿಷಯಗಳ ಪುಣ್ಯ ಅವನಿಗೆ ತಲುಪುತ್ತಿರುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ: ನಿರಂತರ ದಾನ, ಪ್ರಯೋಜನಕಾರಿ ಜ್ಞಾನ, ಪ್ರಾರ್ಥಿಸುವ ಸಂತಾನ. ಮೊಹ್ಸಿನ್‌ರಿಗೆ ಸಂತಾನವಿರಲಿಲ್ಲ. ಆದರೆ ಅವರ ಹಣದಲ್ಲಿ ಓದಿದವರು ಎಷ್ಟು ಮಂದಿ!

ಹೊರಡುವ ಮುನ್ನ ಗಡಿಯಾರದ ಗಂಟೆ ಬಾರಿಸಿತು. ವಾರಕ್ಕೊಮ್ಮೆ ಇಬ್ಬರು ಸೇರಿ ಅದಕ್ಕೆ ಕೀಲಿ ಕೊಡುತ್ತಾರಂತೆ. ಕೊಡದಿದ್ದರೆ ಅಷ್ಟು ದೊಡ್ಡ ಗಡಿಯಾರವೂ ನಿಂತುಬಿಡುತ್ತದೆ. ನಿಮ್ಮ ಊರಿನ ವಕ್ಫ್ ಪತ್ರ ಎಲ್ಲಿದೆಯೆಂದು ಈ ಶುಕ್ರವಾರ ಒಮ್ಮೆ ಕೇಳಿ ನೋಡಿ. ವಿನಯದಿಂದ ಕೇಳಿ, ಆದರೆ ಕೇಳದೆ ಇರಬೇಡಿ. ನಮಗೆ ಒಪ್ಪಿಸಿದ ಅಮಾನತ್ತನ್ನು ಕಾಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.