ಬಲ್ಬ್ ಬದಲಿಸುವ ಮೊದಲು ಹೆಡ್‌ಲೈಟಿನ ಗ್ಲಾಸ್ ತಿಕ್ಕಿ ನೋಡ್ರಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ರಾಮದುರ್ಗ ಭಾಗದ ರಸ್ತೆಗಳು ರಾತ್ರಿಯೂ ಮಲಗುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಫ್ಯಾಕ್ಟರಿ ಕಡೆ ಹೊರಡುತ್ತವೆ. ಹಿಂದಿನ ಟ್ರೇಲರ್‌ಗೆ ಕೆಂಪು ದೀಪ ಇರುವುದು ಅಪರೂಪ. ಭಾರತ ಹುಣ್ಣಿಮೆ ಹತ್ತಿರ ಬಂದರಂತೂ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವವರು, ನಡೆದು ಹೋಗುವವರು ಬೇರೆ. ಇವರ ಹತ್ತಿರ ದೀಪ ಇಲ್ಲ. ಇವರು ನಮಗೆ ಕಾಣಬೇಕೆಂದರೆ ನಮ್ಮ ಗಾಡಿಯ ಬೆಳಕೊಂದೇ ದಾರಿ.

ಆ ಬೆಳಕೇ ಮಂದವಾದರೆ?

ನಾನು ಸುದ್ದಿಗಿಷ್ಟು ಎಂದು ಹಣ ಪಡೆಯುವ ವರದಿಗಾರ. ಬೆಳಗಾವಿಯಲ್ಲಿ ಸಭೆ, ಸವದತ್ತಿಯಲ್ಲಿ ಪ್ರತಿಭಟನೆ, ಎಲ್ಲ ಮುಗಿಸಿ ಊರು ಸೇರುವುದು ರಾತ್ರಿಯೇ. ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಹತ್ತು ವರ್ಷ ದಾಟಿದೆ. ಎಂಜಿನ್ ಗಟ್ಟಿ. ಆದರೆ ಹೆಡ್‌ಲೈಟಿನ ಗ್ಲಾಸುಗಳಿಗೆ ವಯಸ್ಸಾದವರ ಕಣ್ಣಿಗೆ ಪೊರೆ ಬಂದಂತೆ ಹಳದಿ ಪೊರೆ ಬಂದಿತ್ತು.

ಕಳೆದ ಜನವರಿಯಲ್ಲಿ ಕಟಕೋಳ ದಾಟಿ ರಾಮದುರ್ಗದ ಕಡೆ ಬರುತ್ತಿದ್ದೆ. ಸ್ಪೀಡು 40ರ ಆಸುಪಾಸು. ಪಂಕ್ಚರ್ ಆಗಿ ನಿಂತಿದ್ದ ಕಬ್ಬಿನ ಟ್ರೇಲರ್ ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಬ್ರೇಕ್ ಹಿಡಿಯಿತು, ಗಾಡಿ ನಿಂತಿತು. ಟ್ರೇಲರ್ ಹಿಂದೆ ಇಟ್ಟ ಕಲ್ಲುಗಳ ಪಕ್ಕ ಕೂತಿದ್ದ ಹುಡುಗ ಎದ್ದು ಬಂದು ಕೇಳಿದ: "ಅಣ್ಣಾರ, ನಿಮ್ಮ ಗಾಡಿ ಬರೂದು ನನಗ ಅಷ್ಟ ದೂರದಿಂದ ಕಾಣತಿತ್ರೀ. ನಾ ನಿಮಗ ಕಾಣಲಿಲ್ಲೇನ್ರೀ?"

ಅವನ ಪ್ರಶ್ನೆ ಸರಿಯಾಗಿತ್ತು. ಮಂಜಾದ ಗ್ಲಾಸಿನ ತೊಂದರೆಯೇ ಅದು. ಎದುರಿನವರಿಗೆ ದೀಪ ಉರಿಯುತ್ತಿರುವುದು ಕಾಣುತ್ತದೆ. ಒಳಗೆ ಕೂತ ನಮಗೆ ರಸ್ತೆ ಕಾಣುವುದಿಲ್ಲ.

ಹೊಸ ಹೆಡ್‌ಲೈಟ್ ಜೋಡಿಯ ರೇಟು ಕೇಳಿದೆ. ನನ್ನ ಒಂದು ತಿಂಗಳ ಗಳಿಕೆಗೂ ಜಾಸ್ತಿ. "ಭಾರೀ ಎಲ್‌ಇಡಿ ಬಲ್ಬ್ ಹಾಕಸ್ರಿ, ಹಗಲ ಆದಂಗ ಆಗತೈತಿ" ಎಂದು ಸಲಹೆ ಕೊಟ್ಟವರು ಹಲವರು. ನಮ್ಮ ಭಾಗದಲ್ಲಿ ಬಹಳ ಜನ ಮಾಡುವುದೂ ಇದನ್ನೇ. ಆದರೆ ಗ್ಲಾಸ್ ಮಂಜಾಗಿರುವಾಗ ಎಷ್ಟು ದೊಡ್ಡ ಬಲ್ಬ್ ಹಾಕಿದರೂ ಬೆಳಕು ನೇರ ರಸ್ತೆಗೆ ಬೀಳುವುದಿಲ್ಲ. ಗ್ಲಾಸಿನಲ್ಲೇ ಚೆದುರಿ ಮೇಲೆ, ಪಕ್ಕಕ್ಕೆ ಹೋಗುತ್ತದೆ. ಎದುರು ಬರುವ ಬೈಕಿನವನ ಕಣ್ಣು ಕುಕ್ಕುತ್ತದೆ, ನಮಗೆ ಸಿಗುವ ಲಾಭ ಸ್ವಲ್ಪವೇ.

ಇಷ್ಟಕ್ಕೂ ನಾವು ಗ್ಲಾಸ್ ಎನ್ನುವುದು ಗ್ಲಾಸ್ ಅಲ್ಲ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಹೆಲ್ಮೆಟಿನ ಮುಂದಿನ ಪಾರದರ್ಶಕ ಹಾಳೆಯೂ ಸಾಮಾನ್ಯವಾಗಿ ಇದರದ್ದೇ. ಹಳೇ ಅಂಬಾಸಿಡರ್, ಜೀಪುಗಳಿಗೆ ನಿಜವಾದ ಗಾಜು ಇತ್ತು, ಅದು ಹಳದಿ ಆಗುತ್ತಿರಲಿಲ್ಲ. ಅಮೆರಿಕ 1983ರಲ್ಲಿ ನಿಯಮ ಬದಲಿಸಿ ಪ್ಲಾಸ್ಟಿಕ್ ಹೆಡ್‌ಲೈಟಿಗೆ ದಾರಿ ಬಿಟ್ಟಿತು. ಪ್ಲಾಸ್ಟಿಕ್ ಹಗುರ, ಕಲ್ಲು ಬಡಿದರೆ ಸುಲಭಕ್ಕೆ ಒಡೆಯುವುದಿಲ್ಲ, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಬಿಸಿಲು ಮಾತ್ರ ಅದಕ್ಕೆ ಆಗದು. ಅದಕ್ಕೇ ಕಂಪನಿಯವರು ಮೇಲೊಂದು ತೆಳು ರಕ್ಷಣೆಯ ಲೇಪ ಕೊಟ್ಟಿರುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ, ಯುವಿ ಅಂತಾರಲ್ಲ, ಅದು ವರ್ಷಗಟ್ಟಲೆ ಬಿದ್ದು ಆ ಲೇಪವನ್ನು ತಿನ್ನುತ್ತದೆ. ಆಮೇಲೆ ಪ್ಲಾಸ್ಟಿಕ್ಕೇ ಹಳದಿಯಾಗುತ್ತದೆ.

ಇದರಿಂದ ಬೆಳಕು ಎಷ್ಟು ಕಡಿಮೆಯಾಗುತ್ತದೆ? ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ 2018ರಲ್ಲಿ ಅಳೆದು ನೋಡಿದೆ. ತೀರಾ ಕೆಟ್ಟ ಗ್ಲಾಸಿನ ಡಿಮ್ ಲೈಟಿನಿಂದ ಬರುತ್ತಿದ್ದುದು ಹೊಸದರ ಬೆಳಕಿನ 22% ಮಾತ್ರ. ತಿಕ್ಕಿ ಸರಿ ಮಾಡಿದ ಮೇಲೆ ಸುಮಾರು 70%ಕ್ಕೆ ಬಂತು. ಹೊಸದರಷ್ಟು ಅಲ್ಲ, ಆದರೆ ಮೂರು ಪಟ್ಟಿಗೂ ಹೆಚ್ಚು.

ನಮ್ಮ ಓಣಿಯಲ್ಲಿ ಟೆಂಪೊ ಓಡಿಸುವ ಮಾವ ಒಬ್ಬರಿದ್ದಾರೆ. ಅವರು ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವಾಗ ಟೂತ್‌ಪೇಸ್ಟ್ ಹಚ್ಚಿ ದೀಪ ತಿಕ್ಕುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಪೇಸ್ಟಿನಲ್ಲಿ ನುಣ್ಣನೆಯ ಪುಡಿ ಇರುತ್ತದೆ, ಮೇಲಿನ ಮಂಜು ಸ್ವಲ್ಪ ಹೋಗುತ್ತದೆ. ಆದರೆ ರಕ್ಷಣೆಯ ಲೇಪ ಮರಳಿ ಬರುವುದಿಲ್ಲವಾದ್ದರಿಂದ ಕೆಲವೇ ದಿನದಲ್ಲಿ ಮತ್ತೆ ಅದೇ ಕಥೆ.

ನಾನು ಮಾಡಿದ್ದು ಹೀಗೆ.

ಮೊದಲು ಒಂದು ಪರೀಕ್ಷೆ. ಗ್ಲಾಸಿನ ಮೇಲೆ ನೀರು ಹಾಕಿ. ಒದ್ದೆಯಾದಾಗ ಸ್ವಚ್ಛ ಕಂಡು, ಒಣಗಿದ ಮೇಲೆ ಮತ್ತೆ ಮಂಜಾದರೆ ಕೊಳೆ ಹೊರಗಿದೆ, ತಿಕ್ಕಿದರೆ ಹೋಗುತ್ತದೆ. ಒದ್ದೆಯಾದರೂ ಮಂಜಾಗಿಯೇ ಇದ್ದರೆ ಒಳಗೆ ತೇವವೋ ಧೂಳೋ ಕೂತಿರಬಹುದು. ಅದಕ್ಕೆ ಹೊರಗೆ ತಿಕ್ಕಿ ಉಪಯೋಗವಿಲ್ಲ, ಮೆಕ್ಯಾನಿಕ್ ಬೇಕು.

ಆಮೇಲೆ ಸೋಪಿನ ನೀರಲ್ಲಿ ತೊಳೆದು, ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಪೇಪರ್ ಟೇಪ್ ಅಂಟಿಸಿ. ಬಣ್ಣದ ಅಂಗಡಿಯಲ್ಲಿ ವಾಟರ್ ಪೇಪರ್ ಸಿಗುತ್ತದೆ. 800, 1000, 2000 ನಂಬರಿನ ಒಂದೊಂದು ಹಾಳೆ ಸಾಕು. ಸಿಕ್ಕರೆ 3000ದ್ದೂ ಇರಲಿ. ನಂಬರ್ ಹೆಚ್ಚಾದಷ್ಟೂ ಹಾಳೆ ನುಣುಪು.

800ರಿಂದ ಶುರು. ಹಾಳೆಯೂ ಗ್ಲಾಸೂ ಸದಾ ಒದ್ದೆ ಇರಬೇಕು. ಒಣ ತಿಕ್ಕಬೇಡಿ. ಮೊದಲಿಗೆ ಹಳದಿ ನೀರು ಇಳಿಯುತ್ತದೆ. ಅದೇ ಸತ್ತ ಲೇಪ. ಇಳಿಯುವ ನೀರು ಬೆಳ್ಳಗಾಗಿ, ಗ್ಲಾಸ್ ಎಲ್ಲಾ ಕಡೆ ಒಂದೇ ಥರ ಮಂಕಾಗುವವರೆಗೆ ತಿಕ್ಕಿ. ಈಗ ಅದು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಗಾಬರಿ ಬೇಡ. 1000ದಲ್ಲಿ ಅಡ್ಡ, 2000ದಲ್ಲಿ ಉದ್ದ, ಹೀಗೆ ದಿಕ್ಕು ಬದಲಿಸಿ ತಿಕ್ಕಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ಗೊತ್ತಾಗುತ್ತದೆ. ಕೊನೆಗೆ ಮೆತ್ತನೆ ಬಟ್ಟೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಪಾಲಿಶ್ ಮಾಡಿದರೆ ಹೊಳಪು ಬರುತ್ತದೆ. ಎರಡೂ ದೀಪಕ್ಕೆ ನನಗೆ ಎರಡು ತಾಸು ಹಿಡಿಯಿತು. ಖರ್ಚು 300 ರೂಪಾಯಿ ಒಳಗೆ.

ಪೆಟ್ರೋಲ್, ಥಿನ್ನರ್ ಮಾತ್ರ ಹಚ್ಚಬೇಡಿ. ಪಾಲಿಕಾರ್ಬೊನೇಟ್ ಅದಕ್ಕೆ ಸಣ್ಣಗೆ ಸೀಳಿ ಹಾಳಾಗುತ್ತದೆ. ಆಮೇಲೆ ಯಾವ ಹಾಳೆಯೂ ಅದನ್ನು ಸರಿ ಮಾಡದು.

ಬಹಳ ಜನ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಆದರೆ ನಾವೀಗ ಉಳಿದಿದ್ದ ರಕ್ಷಣೆಯನ್ನೂ ತಿಕ್ಕಿ ತೆಗೆದಿದ್ದೇವೆ. ಪ್ಲಾಸ್ಟಿಕ್ ಈಗ ಬಿಸಿಲಿಗೆ ಬರಿಮೈ. ಹಾಗೇ ಬಿಟ್ಟರೆ ಒಂದು ಬೇಸಿಗೆಯಲ್ಲೇ ಮತ್ತೆ ಮಂಜಾಗಬಹುದು. ಹೆಡ್‌ಲೈಟಿಗೆಂದೇ ಬರುವ, ಬಟ್ಟೆಯಲ್ಲಿ ಹಚ್ಚುವ ಯುವಿ ಲೇಪ ಆನ್‌ಲೈನಿನಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಕಾರಿಗೆ ಬಣ್ಣ ಹೊಡೆಯುವವರ ಬಳಿ ಹೋಗಿ. ಬೇರೆ ಗಾಡಿಗೆ ಕ್ಲಿಯರ್ ಕೋಟ್ ಹೊಡೆಯುವಾಗ ನಿಮ್ಮ ಎರಡು ದೀಪಕ್ಕೂ ಹೊಡೆಯಿರಿ ಎಂದು ಕೇಳಿ. ಹಾಗೆ ಹೊಡೆಸುವುದಿದ್ದರೆ 1000 ನಂಬರಿಗೇ ನಿಲ್ಲಿಸಿ, ಕಾಂಪೌಂಡ್ ಹಚ್ಚಬೇಡಿ. ಜಿಡ್ಡಿದ್ದರೆ ಲೇಪ ಹಿಡಿಯುವುದಿಲ್ಲ. ಸಣ್ಣ ಗೀರುಗಳನ್ನು ಕ್ಲಿಯರ್ರೇ ತುಂಬಿಕೊಳ್ಳುತ್ತದೆ. ಅದರ ಗಾಳಿ ಎದೆಗೆ ಒಳ್ಳೆಯದಲ್ಲ, ಆ ಕೆಲಸ ಮಾಸ್ಕ್ ಇರುವವರೇ ಬಯಲಲ್ಲಿ ಮಾಡಲಿ.

ನಾನು ಯುವಿ ಲೇಪ ಹಚ್ಚಿದೆ. ಆ ರಾತ್ರಿಯೇ ಸುರೇಬಾನದ ಕಡೆ ಕೆಲಸವಿತ್ತು. ರಸ್ತೆಯ ಅಂಚಿನ ಬಿಳಿ ಗೆರೆ, ಮೈಲುಗಲ್ಲಿನ ಅಂಕಿ, ಸೈಕಲ್ಲಿನವನ ಕಾಲು, ಎಲ್ಲ ಮುಂಚೆಯೇ ಕಾಣತೊಡಗಿದವು. ಬಲ್ಬ್ ಅದೇ ಹಳೆಯದು. ಮರುವಾರ ಟೆಂಪೊ ಮಾವನ ದೀಪಗಳನ್ನೂ ಇಬ್ಬರೂ ಕೂತು ತಿಕ್ಕಿದೆವು. "ಇಷ್ಟ ದಿನ ಪೇಸ್ಟ ದಂಡ ಮಾಡಿದ್ನಲ್ಲೋ ತಮ್ಮಾ" ಎಂದು ನಕ್ಕರು.

ಈಗ ಕಾರು ನಿಲ್ಲಿಸುವಾಗ ಮುಖ ಬೇವಿನ ಮರದ ನೆರಳಿಗೆ ಇರುವಂತೆ ನೋಡಿಕೊಳ್ಳುತ್ತೇನೆ. ನೆರಳು ಸಿಗದ ಕಡೆ ದೀಪದ ಮೇಲೆ ಒಂದು ಗೋಣಿಚೀಲ. ನಮ್ಮ ಏಪ್ರಿಲ್ ಬಿಸಿಲಿಗೆ ಅಷ್ಟಾದರೂ ಬೇಕು.

ನಿಮ್ಮೂರಿನ ಶಾಲೆ ವ್ಯಾನು, ಟಂಟಂ, ಬಾಡಿಗೆ ಕಾರುಗಳ ದೀಪ ಒಮ್ಮೆ ನೋಡಿ. ಹಳದಿ ಇದ್ದರೆ ಹಂಗಾಮು ಶುರುವಾಗುವ ಮೊದಲೇ ಒಂದು ರವಿವಾರ ಅದಕ್ಕೆ ಕೊಡಿ. ಟ್ರೇಲರ್ ಇರುವ ರೈತರು ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿಕೊಳ್ಳಿ. ಅವರ ಪಟ್ಟಿ ಮಿಂಚಬೇಕೆಂದರೆ ನಮ್ಮ ಬೆಳಕು ಅಲ್ಲಿಗೆ ಮುಟ್ಟಬೇಕು.