ಊರಿನವರೇ ಹತ್ತಬೇಕಾದ ಬಸ್ಸು

ಒಂದು ದಿನದ ಬೆಂಗಳೂರು ದರ್ಶನದ ಬಸ್ಸು ಹೊರಗಿನಿಂದ ಬಂದವರಿಗಷ್ಟೇ ಅಂದುಕೊಂಡವರೇ ಹೆಚ್ಚು. ನನ್ನನ್ನು ಕೇಳಿದರೆ, ಇಲ್ಲೇ ಮನೆ ಮಾಡಿಕೊಂಡವರು ಮೊದಲು ಹತ್ತಬೇಕು. ಮನೆ, ಆಫೀಸು, ನಡುವೆ ಒಂದು ಫ್ಲೈಓವರ್: ಇಷ್ಟರಲ್ಲೇ ನಮ್ಮ ಊರು ಮುಗಿದುಹೋಗುತ್ತದೆ. ಹಬ್ಬ ಬಂದಾಗಲೆಲ್ಲ ಹೂವು ತರಲು ಕೆ.ಆರ್. ಮಾರುಕಟ್ಟೆಗೆ ಹೋಗುತ್ತೇವೆ. ಅದರ ಪಕ್ಕದಲ್ಲೇ, ಹೈದರಾಲಿ ಕಟ್ಟಿಸಲು ಶುರುಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ಬೇಸಿಗೆ ಅರಮನೆಯಿದೆ. ಅದರ ತೇಗದ ಕಂಬಗಳನ್ನು ಎಷ್ಟು ಜನ ಹತ್ತಿರದಿಂದ ನೋಡಿದ್ದೇವೆ?

ಈ ಬಸ್ಸಿನಲ್ಲಿ ಹೋದರೆ ವಿಧಾನಸೌಧ ಹೊರಗಿನಿಂದಲೇ, ಒಂದು ಫೋಟೊಗೆ ಸಾಕಾಗುವಷ್ಟು ಹೊತ್ತು. ಅದು ಸರಿಯೇ. ಆದರೆ ಲಾಲ್‌ಬಾಗಿನಲ್ಲಿ ಗೈಡ್ ಗಾಜಿನ ಮನೆ ತೋರಿಸಿ "ಬೇಗ ಬನ್ನಿ" ಎಂದು ಕರೆದಾಗ ನನಗೆ ನಿಜಕ್ಕೂ ಸಂಕಟ. ಅಲ್ಲೇ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ! ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಇಡೀ ಪಟ್ಟಣಕ್ಕಿಂತ, ಮನುಷ್ಯರಿಗಿಂತ ಹಳೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವ ಭಾಗ್ಯ ಯಾವ ಊರಿನವರಿಗೆ ಇಷ್ಟು ಸುಲಭವಾಗಿ ಸಿಗುತ್ತದೆ? ಅಜ್ಜಿ, ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಆ ಬಸ್ಸು ಹತ್ತಿ. ಬಂಡೆಗೆ ಮಾತ್ರ ಇನ್ನೊಂದು ಬೆಳಗ್ಗೆ, ಬಿಸಿಲೇರುವ ಮುಂಚೆ, ನೀವೇ ಹೋಗಿ.